ಕೆಸರಿನ ಮೇಲೆ ಎರಡು ಕಿಲೋಮೀಟರ್: 5,800 ವರ್ಷ ಹಳೆಯ ಹಲಗೆ ದಾರಿ ಕಟ್ಟಿದ್ದು ಹೇಗೆ, ಉಳಿದದ್ದು ಹೇಗೆ?

‘ಜಗತ್ತಿನ ಅತಿ ಹಳೆಯ ರಸ್ತೆ’ ಎಂಬ ಒಕ್ಕಣೆಯೊಂದಿಗೆ ಕಪ್ಪು ಮಣ್ಣಿನಲ್ಲಿ ಮಲಗಿರುವ ಮರದ ಹಲಗೆಗಳ ಚಿತ್ರವೊಂದು ಅಂತರ್ಜಾಲದಲ್ಲಿ ಆಗಾಗ ಕಾಣಸಿಗುತ್ತದೆ. ಚಿತ್ರ ನಿಜ. ಒಕ್ಕಣೆ ಮಾತ್ರ ಪೂರ್ತಿ ನಿಜವಲ್ಲ, ಅದಕ್ಕೆ ಆಮೇಲೆ ಬರೋಣ. ಚಿತ್ರದಲ್ಲಿರುವುದು ಇಂಗ್ಲೆಂಡಿನ ನೈಋತ್ಯ ಮೂಲೆಯ ಸಾಮರ್ಸೆಟ್ ಜಿಲ್ಲೆಯ ‘ಸ್ವೀಟ್ ಟ್ರ್ಯಾಕ್’. ಸಿಹಿಗೂ ಇದಕ್ಕೂ ಸಂಬಂಧವಿಲ್ಲ. 1970ರಲ್ಲಿ ಚರಂಡಿಯ ಹೂಳೆತ್ತುವಾಗ ಇದರ ಹಲಗೆಯನ್ನು ಮೊದಲು ಕಂಡ ಕೆಲಸಗಾರ ರೇ ಸ್ವೀಟ್ ಅವರ ಹೆಸರನ್ನೇ ಇದಕ್ಕಿಟ್ಟರು.

ಈ ದಾರಿಗೆ ಬೇಕಾದ ಮರಗಳನ್ನು ಕಡಿದದ್ದು ಕ್ರಿ.ಪೂ. 3807ರಿಂದ 3806ಕ್ಕೆ ಹೊರಳುವ ಚಳಿಗಾಲದಲ್ಲಿ. ಕಬ್ಬಿಣ ಇರಲಿಲ್ಲ, ಕಂಚೂ ಬ್ರಿಟನ್ನಿಗೆ ಬಂದಿರಲಿಲ್ಲ, ಬರವಣಿಗೆಯ ಮಾತೇ ಇಲ್ಲ. ಹಾಗಿದ್ದರೂ ಇಸವಿಯನ್ನಷ್ಟೇ ಅಲ್ಲ, ಋತುವನ್ನೂ ಹೇಳುತ್ತಾರೆ. ಮಳೆಗಾಲ ಎರಡು ಕಳೆದರೆ ಬೇಲಿಗೂಟದ ಬುಡ ಲಡ್ಡಾಗುವುದನ್ನು ನೋಡಿದವರಿಗೆ ಇನ್ನೊಂದು ಸಂದೇಹ ಬರುವುದೂ ಸಹಜ: ಮರ ಅಷ್ಟು ಕಾಲ ಉಳಿಯುವುದಾದರೂ ಹೇಗೆ?

ನೆಲವೂ ಅಲ್ಲ, ನೀರೂ ಅಲ್ಲ

ಸಾಮರ್ಸೆಟ್ ಲೆವೆಲ್ಸ್ ಎಂದರೆ ಸಮುದ್ರಕ್ಕೆ ಹತ್ತಿರದ, ಸಮುದ್ರಮಟ್ಟಕ್ಕಿಂತ ಹೆಚ್ಚೇನೂ ಎತ್ತರವಿಲ್ಲದ ವಿಶಾಲ ತಗ್ಗು. ದಕ್ಷಿಣಕ್ಕೆ ಪೋಲ್ಡನ್ ಎಂಬ ಉದ್ದನೆಯ ದಿಣ್ಣೆ. ಅದರ ಉತ್ತರಕ್ಕೆ ಜೌಗಿನ ನಡುವೆ ವೆಸ್ಟ್‌ಹೇ ಎಂಬ ಗಟ್ಟಿನೆಲದ ಚಿಕ್ಕ ನಡುಗಡ್ಡೆ. ಇವೆರಡರ ನಡುವೆ ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ ಆಳೆತ್ತರದ ಜೊಂಡು, ಅದರ ಬುಡದಲ್ಲಿ ನಿಂತ ನೀರು, ನೀರಿನಡಿ ಕಾಲಿಟ್ಟರೆ ಹೂತುಹೋಗುವ ಹುದುಲು. ದೋಣಿ ಬಿಡೋಣವೆಂದರೆ ಜೊಂಡು ಬಿಡದು, ನಡೆಯೋಣವೆಂದರೆ ಕೆಸರು ಬಿಡದು.

ಈ ಹುದುಲಿನ ಮಣ್ಣಿಗೆ ಪೀಟ್ ಎನ್ನುತ್ತಾರೆ. ಜೊಂಡು, ಪಾಚಿ, ಎಲೆ, ಬೇರು ಸತ್ತು ನೀರಿನಡಿ ಬೀಳುತ್ತವೆ. ಅಲ್ಲಿ ಗಾಳಿಯಾಡದೆ ಪೂರ್ತಿ ಕೊಳೆಯದೆ, ವರ್ಷಕ್ಕೆ ಹೆಚ್ಚೂಕಡಿಮೆ ಒಂದು ಮಿಲಿಮೀಟರಿನಂತೆ ಪದರ ಪದರವಾಗಿ ಏರುತ್ತವೆ. ಸಾವಿರ ವರ್ಷಕ್ಕೆ ಒಂದು ಮೀಟರ್ ಎಂದುಕೊಳ್ಳಿ. ಒಣಗಿಸಿದರೆ ಉರುವಲು, ಪುಡಿ ಮಾಡಿದರೆ ಕುಂಡಕ್ಕೆ ಹಾಕುವ ಗೊಬ್ಬರದ ಮಿಶ್ರಣ. ತಾರಸಿ ತೋಟದವರು ಇಲ್ಲಿ ಕೊಳ್ಳುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಇದೇ ಪೀಟ್‌ಗೆ ಬದಲಿಯಾಗಿ ಬಂದದ್ದು.

ದಾರಿ ಕಟ್ಟಿದವರು ಬ್ರಿಟನ್ನಿನ ಮೊದಮೊದಲ ಬೇಸಾಯಗಾರರು. ಗೋಧಿ, ದನಕರು ಎರಡೂ ಅವರಲ್ಲಿದ್ದವು. ದಿಣ್ಣೆಯ ಮೇಲೆ ಹೊಲ ಮತ್ತು ಕಾಡು, ನಡುಗಡ್ಡೆಯಲ್ಲಿ ಒಣನೆಲ, ನಡುವಿನ ಜೌಗಿನಲ್ಲಿ ಮೀನು, ಹಕ್ಕಿ, ಜೊಂಡು. ಮೂರನ್ನೂ ಬಳಸಬೇಕಾದರೆ ಕಾಲು ಒದ್ದೆಯಾಗದ, ಅಥವಾ ಕಡೇಪಕ್ಷ ಹೂತುಹೋಗದ ಒಂದು ದಾರಿ ಬೇಕಿತ್ತು.

ಅಡಿಮರ, ಕತ್ತರಿ ಗೂಟ, ಹಲಗೆ

ಮಲೆನಾಡು, ಕರಾವಳಿಯವರಿಗೆ ಕಾಲುಸಂಕ ಗೊತ್ತು: ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಎರಡು ಅಡಿಕೆ ಮರ, ಒಬ್ಬರ ಹಿಂದೆ ಒಬ್ಬರು ದಾಟಬೇಕು. ಸ್ವೀಟ್ ಟ್ರ್ಯಾಕ್ ಅದರದೇ ಜಾತಿ. ವ್ಯತ್ಯಾಸವೆಂದರೆ ಸಂಕದ ಎರಡೂ ತುದಿ ಗಟ್ಟಿ ದಂಡೆಯ ಮೇಲೆ ಕೂರುತ್ತವೆ. ಇಲ್ಲಿ ಎರಡು ಕಿಲೋಮೀಟರಿನ ಉದ್ದಕ್ಕೂ ಕೂರಲು ದಂಡೆಯೇ ಇಲ್ಲ. ಆಧಾರವನ್ನೂ ಮರದಲ್ಲೇ ಮಾಡಿಕೊಳ್ಳಬೇಕು.

ಅವರು ಕಂಡುಕೊಂಡ ಉಪಾಯದಲ್ಲಿ ಮೂರೇ ಭಾಗಗಳಿವೆ.

ಮೊದಲು ಅಡಿಮರ. 6 ಮೀಟರ್‌ವರೆಗೆ ಉದ್ದ, ಸುಮಾರು 7.5 ಸೆಂಟಿಮೀಟರ್ ದಪ್ಪದ ಗಳಗಳನ್ನು ದಾರಿ ಹೋಗಬೇಕಾದ ದಿಕ್ಕಿನಲ್ಲೇ ಒಂದರ ತುದಿಗೆ ಇನ್ನೊಂದು ಬರುವಂತೆ ಕೆಸರಿನ ಮೇಲೆ ಉದ್ದಕ್ಕೆ ಮಲಗಿಸಿದರು. ಇವು ಹೆಚ್ಚಾಗಿ ಹೇಝಲ್, ಆಲ್ಡರ್ ಎಂಬ ಸಣ್ಣ ಮರಗಳವು.

ಎರಡನೆಯದು ಗೂಟ. ಅಡಿಮರದ ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು, ಎರಡನ್ನೂ ಓರೆಯಾಗಿ ಕೆಸರಿಗೆ ಹೊಡೆದರು. ಎರಡೂ ಅಡಿಮರದ ಮೇಲೆ ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ದಾಟಿದ ಜಾಗದಿಂದ ಮೇಲೆ ಒಂದು ಕವೆ ಉಳಿಯುತ್ತದೆ. ಇದಕ್ಕೆ ಆಶ್, ಓಕ್, ಲಿಂಡನ್ ಮರಗಳ ಗೂಟಗಳನ್ನು ಬಳಸಿದರು.

ಮೂರನೆಯದು ಹಲಗೆ. ಆ ಕವೆಗಳ ಸಾಲಿನ ಮೇಲೆ ಓಕ್ ಹಲಗೆಗಳನ್ನು ಕೂರಿಸಿದರು. ಉದ್ದ 3 ಮೀಟರ್‌ವರೆಗೆ, ಅಗಲ 40 ಸೆಂಟಿಮೀಟರ್‌ವರೆಗೆ, ದಪ್ಪ 5 ಸೆಂಟಿಮೀಟರಿಗಿಂತ ಕಡಿಮೆ. ಹಲಗೆ ಪಕ್ಕಕ್ಕೆ ಜಾರದಂತೆ ಅದರ ತುದಿಯಲ್ಲಿ ತೂತು ಅಥವಾ ಕಚ್ಚು ಮಾಡಿ, ತೆಳ್ಳನೆಯ ಗೂಟವನ್ನು ಅದರೊಳಗಿಂದ ನೆಟ್ಟಗೆ ಕೆಳಕ್ಕೆ ಇಳಿಸಿದರು. ಅಡಿಮರ ತೀರ ತಗ್ಗಾಗಿ ಕೂತ ಕಡೆ ಅದರ ಮೇಲೆ ಇನ್ನೊಂದು ಅಡಿಮರ ಇಟ್ಟು ಮಟ್ಟ ಮಾಡಿದರು.

ಇದರ ಜಾಣತನ ಇರುವುದು ಅಡಿಮರದಲ್ಲಿ. ಬರೀ ಗೂಟ ಹೊಡೆದು ಹಲಗೆ ಹಾಕಿದ್ದರೆ ಜನ ನಡೆದಂತೆಲ್ಲ ಗೂಟ ಇಳಿಯುತ್ತಲೇ ಹೋಗುತ್ತಿತ್ತು, ಏಕೆಂದರೆ ಪೀಟ್‌ನಲ್ಲಿ ಗೂಟದ ಮೊನೆಗೆ ತಡೆ ಕೊಡುವಂಥದ್ದು ಏನೂ ಇಲ್ಲ. ಕತ್ತರಿ ಹಾಕಿದ ಗೂಟಗಳು ಇಳಿಯಲು ಹೊರಟರೆ ಅವುಗಳ ಸಂದು ಅಡಿಮರಕ್ಕೆ ಬಂದು ತಾಗುತ್ತದೆ. ಅಡಿಮರವನ್ನೂ ಸೇರಿಸಿ ಕೆಸರಿಗೆ ತುಳಿಯದ ಹೊರತು ಮುಂದೆ ಇಳಿಯುವಂತಿಲ್ಲ. ಲೆಕ್ಕ ಹಾಕಿ ನೋಡಿ: ಬರಿಗಾಲಿನ ಪಾದ ನೆಲಕ್ಕೆ ತಾಗುವುದು ಸುಮಾರು 200 ಚದರ ಸೆಂಟಿಮೀಟರ್. 6 ಮೀಟರ್ ಉದ್ದ, 7.5 ಸೆಂಟಿಮೀಟರ್ ದಪ್ಪದ ಗಳ ಕೆಸರಿನ ಮೇಲೆ ಒತ್ತುವುದು 4,500 ಚದರ ಸೆಂಟಿಮೀಟರ್. ಅದೇ ಮನುಷ್ಯ, ಅದೇ ತೂಕ, ಜಾಗ ಮಾತ್ರ ಇಪ್ಪತ್ತು ಪಟ್ಟಿಗೂ ಹೆಚ್ಚು. ಜೊತೆಗೆ ಓರೆ ಗೂಟಗಳ ಮೈಗೆ ಅಂಟಿದ ಕೆಸರೂ ಒಂದಿಷ್ಟು ಹಿಡಿದುಕೊಳ್ಳುತ್ತದೆ.

ಗೂಟ ಇಳಿಯುವುದಷ್ಟೇ ತೊಂದರೆಯಲ್ಲ, ಮರ ತೇಲುವುದೂ ತೊಂದರೆಯೇ. ನೆರೆ ಬಂದಾಗ ಬಿಡಿ ಹಲಗೆ ಎದ್ದು ಎತ್ತಲೋ ಹೋಗುತ್ತದೆ. ತೂತಿನೊಳಗಿಂದ ಇಳಿಸಿದ ನೆಟ್ಟ ಗೂಟ ಆಗ ಲಂಗರಿನ ಕೆಲಸ ಮಾಡುತ್ತದೆ.

ಗರಗಸವಿಲ್ಲದೆ ಹಲಗೆ

ಹಲಗೆ ಎಂದ ಕೂಡಲೇ ನಮಗೆ ಸಾಮಿಲ್ ನೆನಪಾಗುತ್ತದೆ. ಅವರ ಕೈಯಲ್ಲಿದ್ದದ್ದು ಕಲ್ಲಿನ ಕೊಡಲಿ, ಮರದ ಬೆಣೆ, ಮರದ ಕೊಡತಿ. ಮರ ಉರುಳಿಸಲು ಕೊಡಲಿ ಬೇಕು, ಆದರೆ ಹಲಗೆ ಮಾಡಿದ್ದು ಸೀಳಿ. ಓಕ್ ಮರದ ನಡುತಿರುಳಿನಿಂದ ತೊಗಟೆಯ ಕಡೆಗೆ, ಚಕ್ರದ ಅರದಂತೆ, ಬಿಳಿಯ ಗೆರೆಗಳು ಹಾಯುತ್ತವೆ. ಆ ಗೆರೆಯ ಗುಂಟ ಬೆಣೆ ಇಟ್ಟು ಹೊಡೆದರೆ ಹಸಿ ಓಕ್ ತಾನಾಗಿ ಬಿಟ್ಟುಕೊಡುತ್ತದೆ. ಮೊದಲು ಅರ್ಧ, ಆಮೇಲೆ ಕಾಲು, ಆಮೇಲೆ ಅರೆಕಾಲು. ಹೀಗೆ ಸೀಳುತ್ತ ಹೋದರೆ ಬರುವ ಹಲಗೆ ಒಂದು ಅಂಚಿನಲ್ಲಿ ದಪ್ಪ, ತಿರುಳಿನ ಅಂಚಿನಲ್ಲಿ ತೆಳು.

ಇದನ್ನು ಹಸಿಯಿದ್ದಾಗಲೇ ಮಾಡಬೇಕು. ಒಣಗಿದ ಓಕ್‌ಗೆ ಬೆಣೆ ಹೊಡೆದರೆ ಬೆಣೆಯೇ ಜಜ್ಜಿಹೋಗುತ್ತದೆ. ಮರವನ್ನು ಆರಿಸುವುದರಲ್ಲೂ ಕಣ್ಣು ಬೇಕು: ಎಳೆ ತಿರುಚಿಕೊಂಡ ಮರ ಸೀಳಿದಾಗ ಹಲಗೆಯೂ ತಿರುಚುತ್ತದೆ. ಗಂಟಿದ್ದರೆ ಸೀಳು ಗಂಟಿನ ಸುತ್ತ ಹಾದು ಹಲಗೆ ಕೆಡುತ್ತದೆ. ಕಾಡಿನ ನಡುವೆ ಬೆಳಕಿಗಾಗಿ ಪೈಪೋಟಿಯಲ್ಲಿ ನೆಟ್ಟಗೆ ಎದ್ದ, ಕೆಳಗೆ ಕೊಂಬೆಯಿಲ್ಲದ ಮರವೇ ಆಗಬೇಕು.

ಸ್ವೀಟ್ ಟ್ರ್ಯಾಕ್‌ಗೆ ಅಂಥ ಮರಗಳೇ ಸಿಕ್ಕಿದ್ದವು. ಕೆಲವು ಓಕ್‌ಗಳಿಗೆ 400 ವರ್ಷದಷ್ಟು ವಯಸ್ಸು, ಒಂದು ಮೀಟರ್ ಅಡ್ಡಳತೆ. 40 ಸೆಂಟಿಮೀಟರ್ ಅಗಲದ ಹಲಗೆ ಎಲ್ಲಿಂದ ಬಂತೆಂದು ಈಗ ತಿಳಿಯುತ್ತದೆ: ತಿರುಳಿನಿಂದ ತೊಗಟೆಯವರೆಗೆ 50 ಸೆಂಟಿಮೀಟರ್ ಇರುವ ಮರದಲ್ಲಿ ಎರಡೂ ಅಂಚು ಸವರಿದ ಮೇಲೆ ಉಳಿಯುವುದು ಅಷ್ಟೇ.

3 ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ದಪ್ಪದ ಹಸಿ ಓಕ್ ಹಲಗೆ 50 ಕಿಲೋ ಹತ್ತಿರ ತೂಗುತ್ತದೆ. ಇಬ್ಬರು ಹೊತ್ತು ತರಬಹುದು. ಸಾಲಿಗೊಂದೇ ಹಲಗೆ ಎಂದರೂ 1,800 ಮೀಟರಿಗೆ 600 ಹಲಗೆ ಬೇಕು. ಇದನ್ನೆಲ್ಲ ಕೆಸರಿನಲ್ಲಿ ನಿಂತು ಕೆತ್ತಲಾಗದು. ಬಹುಪಾಲು ಕೆಲಸ ಒಣನೆಲದಲ್ಲೇ ಮುಗಿಸಿ, ಜೌಗಿಗೆ ತಂದು ಜೋಡಿಸಿದ್ದಾರೆ. ಸಾಮಾನು ಸ್ಥಳಕ್ಕೆ ಬಂದಮೇಲೆ ಹತ್ತು ಜನ ಒಂದೇ ದಿನದಲ್ಲಿ ಇಡೀ ದಾರಿಯನ್ನು ಜೋಡಿಸಬಹುದಿತ್ತು ಎಂಬ ಅಂದಾಜಿದೆ. ನಿಜವಾದ ಶ್ರಮವೆಲ್ಲ ಕಡಿಯುವುದು, ಸೀಳುವುದು, ಹೊರುವುದರಲ್ಲಿ. ಯಾರು ಕಡಿಯಬೇಕು, ಎಷ್ಟು ಉದ್ದ ಇರಬೇಕು, ಎಲ್ಲಿ ತಂದಿಡಬೇಕು ಎಂದು ಮೊದಲೇ ಮಾತಾಗದೆ ಇಂಥ ಕೆಲಸ ನಡೆಯುವುದಿಲ್ಲ. ಗೋಡೆ, ಗುಡಿ, ಗೋರಿಗಳಿಗಿಂತ ಈ ಹಲಗೆಗಳು ಆ ಜನರ ಬಗ್ಗೆ ಹೆಚ್ಚು ಹೇಳುತ್ತವೆ ಎನ್ನುವುದು ನನ್ನ ಲೆಕ್ಕ.

3807 ಎಂದು ಖಚಿತವಾಗಿ ಹೇಳುವುದು ಹೇಗೆ?

ಚಳಿದೇಶದ ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ನಮ್ಮ ತೇಗದಲ್ಲೂ ಇದು ಸ್ಪಷ್ಟವಾಗಿ ಕಾಣುತ್ತದೆ. ಒಳ್ಳೆಯ ವರ್ಷದಲ್ಲಿ ಉಂಗುರ ಅಗಲ, ಕೆಟ್ಟ ವರ್ಷದಲ್ಲಿ ಕಿರಿದು. ಒಂದೇ ಸೀಮೆಯ ಓಕ್ ಮರಗಳೆಲ್ಲ ಒಂದೇ ಹವೆಯನ್ನು ಕಂಡಿರುವುದರಿಂದ ಅವುಗಳ ಅಗಲ–ಕಿರಿದಿನ ಸರಣಿ ಹೊಂದುತ್ತದೆ.

ಈಗ ಬದುಕಿರುವ ಮರದಿಂದ ಶುರುಮಾಡಿ. ಅದರ ಹೊರಗಿನ ಉಂಗುರದ ಇಸವಿ ಗೊತ್ತೇ ಇದೆ. ಅದರ ಒಳಗಿನ ಉಂಗುರಗಳು ಹಳೆಯ ಮನೆಯೊಂದರ ತೊಲೆಯ ಹೊರಗಿನ ಉಂಗುರಗಳಿಗೆ ಹೊಂದಿದರೆ ತೊಲೆಯ ಇಸವಿ ಸಿಕ್ಕಿತು. ತೊಲೆಯ ಒಳಗಿನವು ಇನ್ನೂ ಹಳೆಯ ದಿಮ್ಮಿಗೆ ಹೊಂದಬಹುದು. ಹೀಗೆ ಜೌಗಿನಲ್ಲಿ ಹೂತ ಓಕ್‌ಗಳವರೆಗೆ ಕೊಂಡಿ ಹಾಕುತ್ತ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಸಂಶೋಧಕರು 1984ರ ಹೊತ್ತಿಗೆ 7,000 ವರ್ಷಕ್ಕೂ ಉದ್ದನೆಯ, ಒಂದು ವರ್ಷವೂ ಬಿಟ್ಟುಹೋಗದ ಸರಪಳಿಯನ್ನು ಪೂರ್ತಿ ಮಾಡಿದರು. ಇಂಗ್ಲೆಂಡಿನ ಹಳೆಯ ಮರಗಳ ಸರಣಿಗಳನ್ನೂ ಇಂಥ ಸರಪಳಿಗೆ ಹೊಂದಿಸಿದ ಮೇಲೆ, 1990ರಲ್ಲಿ ಸ್ವೀಟ್ ಟ್ರ್ಯಾಕ್‌ನ ಇಸವಿ ಪ್ರಕಟವಾಯಿತು.

ಋತು ಗೊತ್ತಾಗುವುದು ಕೊನೆಯ ಉಂಗುರದಿಂದ. ಓಕ್ ವಸಂತದಲ್ಲಿ ಬರಿಗಣ್ಣಿಗೇ ಕಾಣುವಷ್ಟು ದೊಡ್ಡ ರಂಧ್ರಗಳ ಸಾಲನ್ನು ಬೆಳೆಸುತ್ತದೆ. ಬೇಸಿಗೆ ಏರಿದಂತೆ ರಂಧ್ರ ಸಣ್ಣದಾಗಿ ಮರ ಒತ್ತಾಗುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುತ್ತದೆ. ತೊಗಟೆಯ ಒಳಗೆ ಕೊನೆಗೆ ಕಾಣುವುದು ಒತ್ತಾದ ಭಾಗ, ಅದರಾಚೆ ಹೊಸ ದೊಡ್ಡ ರಂಧ್ರ ಒಂದೂ ಇಲ್ಲ ಎಂದಾದರೆ ಮರವನ್ನು ಕಡಿದದ್ದು ಚಳಿಗಾಲದಲ್ಲಿ ಅಥವಾ ವಸಂತ ಶುರುವಾಗುವ ಮುನ್ನ.

ಈ ವಿಧಾನವೂ ಎಲ್ಲ ಕಡೆ ನಡೆಯುವುದಿಲ್ಲ. ಹಲಗೆ ಸವರುವಾಗ ಚೇಗಿನ ಹೊರಗಿನ ಬಿಳಿಭಾಗ ಹೋಗಿಬಿಟ್ಟಿದ್ದರೆ ಕಡಿದ ವರ್ಷ ಸಿಗದು, ಅಂದಾಜು ಮಾತ್ರ. 50ಕ್ಕಿಂತ ಕಡಿಮೆ ಉಂಗುರವಿದ್ದರೆ ಹೊಂದಾಣಿಕೆಯನ್ನು ಸಾಮಾನ್ಯವಾಗಿ ನಂಬುವುದಿಲ್ಲ, ಎಲ್ಲೋ ಆಕಸ್ಮಿಕವಾಗಿ ಹೊಂದಿಬಿಡಬಹುದು. ಹಾಗಾಗಿ ತೆಳ್ಳನೆಯ ಗೂಟಗಳು ಈ ಕೆಲಸಕ್ಕೆ ಬಾರವು. ಇಲ್ಲಿ ಅದೃಷ್ಟವೆಂದರೆ ನೂರಾರು ಉಂಗುರಗಳ ಓಕ್ ಹಲಗೆ ಬೇಕಾದಷ್ಟಿದ್ದವು, ಕೆಲವಕ್ಕೆ ತೊಗಟೆಯಂಚೂ ಉಳಿದಿತ್ತು. ಕೆಲವು ಹಲಗೆಗಳು ಕೆಲವು ವರ್ಷ ತಡವಾಗಿ ಕಡಿದವು. ಅವು ದುರಸ್ತಿಗೆ ಹಾಕಿದವು.

ಹತ್ತೇ ವರ್ಷದ ಆಯುಸ್ಸು

ಇಷ್ಟೆಲ್ಲ ಮಾಡಿ ಕಟ್ಟಿದ ದಾರಿ ಬಳಕೆಯಲ್ಲಿದ್ದದ್ದು ಸುಮಾರು ಹತ್ತು ವರ್ಷ. ನೀರು ಏರಿತು, ಜೊಂಡು ಹಲಗೆಯನ್ನು ಮುಚ್ಚಿತು, ಸತ್ತ ಜೊಂಡು ಪೀಟ್ ಆಗಿ ದಾರಿಯನ್ನು ಹೂತುಹಾಕಿತು. ಬಳಸುವವರಿಗೆ ನಷ್ಟ. ಆದರೆ ಹಲಗೆಗಳು ಉಳಿದದ್ದು ಅಷ್ಟು ಬೇಗ ಮುಳುಗಿದ್ದರಿಂದಲೇ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ನೀರು, ಗಾಳಿ ಎರಡೂ ಬೇಕು. ಬೇಲಿಗೂಟ ನೆಲಮಟ್ಟದಲ್ಲೇ ಮೊದಲು ಕೊಳೆಯುವುದು ಇದಕ್ಕೇ, ಅಲ್ಲಿ ಎರಡೂ ಸಿಗುತ್ತವೆ. ಪೂರ್ತಿ ನೆನೆದ ಪೀಟ್‌ನೊಳಗೆ ಗಾಳಿ ಹೋಗುವುದಿಲ್ಲ.

ಮುಳುಗಿದ ದಾರಿಯ ಪಕ್ಕದಲ್ಲಿ ಬೇರೆ ಸಾಮಾನುಗಳೂ ಸಿಕ್ಕಿದವು: ಒಡೆದ ಮಡಕೆಗಳು, ಒಂದರ ಜೊತೆ ಹೇಝಲ್ ಕಾಯಿಗಳು, ಇನ್ನೊಂದರ ಜೊತೆ ಮರದ ಸೌಟಿನಂಥ ಕಡ್ಡಿ, ಕಲ್ಲಿನ ಬಾಣದ ಮೊನೆಗಳು, ಯೂ ಮರದ ಸೂಜಿಗಳು. ಎಲ್ಲಕ್ಕಿಂತ ಮಾತಾಗಿರುವುದು ಒಂದು ಜೇಡೈಟ್ ಕೊಡಲಿ. ಹಸಿರು ಕಲ್ಲು, ನುಣ್ಣಗೆ ಉಜ್ಜಿದ್ದು, ಒಮ್ಮೆಯೂ ಬಳಸಿದ ಗುರುತಿಲ್ಲ. ಈ ಕಲ್ಲು ಬ್ರಿಟನ್ನಿನಲ್ಲಿ ಸಿಗದು, ಬಂದದ್ದು ಆಲ್ಪ್ಸ್ ಪರ್ವತದಿಂದ. ಕೈಜಾರಿ ಬಿದ್ದಿತೋ, ನೀರಿಗೆ ಅರ್ಪಿಸಿದರೋ, ಎರಡು ವಾದವೂ ಇವೆ. ಹಿಡಿಯಿಲ್ಲದ, ಹೊಸದಾದ, ಅಷ್ಟು ದೂರದಿಂದ ಬಂದ ವಸ್ತು ಎಂಬುದನ್ನು ನೋಡಿದರೆ ಅರ್ಪಣೆಯ ವಾದಕ್ಕೆ ಹೆಚ್ಚು ತೂಕ ಎನಿಸುತ್ತದೆ. ಮಡಕೆಗಳು ಜಾರಿ ಬಿದ್ದಿರಬಹುದು. 40 ಸೆಂಟಿಮೀಟರಿನ ಒದ್ದೆ ಹಲಗೆಯ ಮೇಲೆ ಹೊರೆ ಹೊತ್ತು ನಡೆಯುವಾಗ ಅದೇನು ಆಶ್ಚರ್ಯವಲ್ಲ.

‘ಅತಿ ಹಳೆಯದು’ ಹೌದೇ?

ಅಲ್ಲ. ಸ್ವೀಟ್ ಟ್ರ್ಯಾಕ್‌ನ ಹಾದಿಯಲ್ಲೇ ಅದಕ್ಕಿಂತ ಹಳೆಯ ಪೋಸ್ಟ್ ಟ್ರ್ಯಾಕ್ ಇದೆ, ಕ್ರಿ.ಪೂ. 3838ರದ್ದು. ಲಂಡನ್ನಿನ ಪ್ಲಮ್‌ಸ್ಟೆಡ್‌ನಲ್ಲಿ 2009ರಲ್ಲಿ ಸಿಕ್ಕಿದ ಮರದ ದಾರಿ ಸುಮಾರು 6,000 ವರ್ಷ ಹಳೆಯದು. ಜರ್ಮನಿಯ ಲೋಯರ್ ಸ್ಯಾಕ್ಸನಿಯ ಜೌಗುಗಳಲ್ಲಿ ಇನ್ನೂ ಹಿಂದಿನವು ಇವೆ. ಸ್ವೀಟ್ ಟ್ರ್ಯಾಕ್‌ನ ಹೆಚ್ಚುಗಾರಿಕೆ ವಯಸ್ಸಲ್ಲ. ಅದರ ಇಸವಿಯ ಖಚಿತತೆ, ಉಳಿದಿರುವ ಉದ್ದ, ಮತ್ತು ಅದನ್ನು ಅಗೆದು ಓದಿದ ರೀತಿ. ಪುರಾತತ್ತ್ವಜ್ಞರಾದ ಜಾನ್ ಕೋಲ್ಸ್ ಮತ್ತು ಬ್ರಯೊನಿ ಕೋಲ್ಸ್ 1973ರಿಂದ 1989ರವರೆಗೆ ನಡೆಸಿದ ಸಾಮರ್ಸೆಟ್ ಲೆವೆಲ್ಸ್ ಯೋಜನೆಯಿಂದ ಇದು ಸಾಧ್ಯವಾಯಿತು.

ಎಲ್ಲ ದಾರಿಗಳೂ ಹಲಗೆಯವೂ ಅಲ್ಲ. ಅದೇ ಸಾಮರ್ಸೆಟ್‌ನ ವಾಲ್ಟನ್ ಹೀತ್‌ನಲ್ಲಿ ಹೇಝಲ್ ಕಡ್ಡಿಗಳಿಂದ ಹೆಣೆದ ತಡಿಕೆಗಳನ್ನು ಕೆಸರಿನ ಮೇಲೆ ಚಾಪೆಯಂತೆ ಹಾಸಿದ್ದಾರೆ. ಬುಡಕ್ಕೆ ಕಡಿದರೆ ಹೇಝಲ್ ಕೂಳೆ ಒಡೆದು ಕೆಲವೇ ವರ್ಷಗಳಲ್ಲಿ ನೇರ, ಸಮದಪ್ಪದ ಕಡ್ಡಿಗಳನ್ನು ಕೊಡುತ್ತದೆ. ಕಾಡನ್ನು ಹೀಗೆ ಸರದಿಯಲ್ಲಿ ಕಡಿದು ಬೆಳೆಸುತ್ತಿದ್ದರು ಎಂಬುದಕ್ಕೆ ಆ ಕಡ್ಡಿಗಳೇ ಸಾಕ್ಷಿ.

ಗಟ್ಟಿಯಾಗಿ ಕಟ್ಟಿದರೆ ಹೆಚ್ಚು ಬಾಳುತ್ತದೆ ಎಂದುಕೊಂಡರೆ ಐರ್ಲೆಂಡಿನ ಲಾಂಗ್‌ಫರ್ಡ್ ಕೌಂಟಿಯ ಕೊರ್ಲಿಯಾ ದಾರಿಯನ್ನು ನೋಡಬೇಕು. ಕ್ರಿ.ಪೂ. 148ರಲ್ಲಿ, ಕಬ್ಬಿಣದ ಕಾಲದಲ್ಲಿ ಕಟ್ಟಿದ್ದು. ಉದ್ದಕ್ಕೆ ಹಾಕಿದ ಗಳಗಳ ಮೇಲೆ 3ರಿಂದ 3.5 ಮೀಟರ್ ಉದ್ದದ ದಪ್ಪ ಓಕ್ ಹಲಗೆಗಳನ್ನು ಅಡ್ಡಕ್ಕೆ ಜೋಡಿಸಿದ್ದಾರೆ. ಗಾಡಿಯೇ ಹೋಗುವಷ್ಟು ಅಗಲ. ಅದೂ ಹತ್ತು ವರ್ಷದೊಳಗೆ ಮುಳುಗಿತು, ತನ್ನದೇ ಭಾರಕ್ಕೆ. ಸ್ವೀಟ್ ಟ್ರ್ಯಾಕ್ ಕಟ್ಟಿದವರು ಒಬ್ಬ ಮನುಷ್ಯ ದಾಟುವುದಕ್ಕೆ ಎಷ್ಟು ಬೇಕೋ ಅಷ್ಟೇ ಮರ ಬಳಸಿದ್ದರು. ಹುದುಲಿನಲ್ಲಿ ಹಾಕುವ ಪ್ರತಿ ಕಿಲೋ ಮರವೂ ಹೊರೆಯೇ.

ನೆಲದಿಂದ ಎತ್ತಿದ ಮೇಲೆ

ಪೀಟ್‌ನಲ್ಲಿದ್ದ ಹಲಗೆ ನೋಡಲು ಹೊಸದರಂತಿದ್ದರೂ ಒಳಗೆ ಸೊರಗಿರುತ್ತದೆ. ಮರದ ನಾರಿನ ಮುಖ್ಯ ವಸ್ತುವಾದ ಸೆಲ್ಯುಲೋಸ್ ಬಹುಪಾಲು ಕರಗಿ ಹೋಗಿ, ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ನಿನ ಉಳಿದ ಗೂಡುಗಳನ್ನು ನೀರು ತುಂಬಿ ಹಿಡಿದಿರುತ್ತದೆ. ಕೆಲವು ಮರ ಎಷ್ಟು ಮೆತ್ತಗೆಂದರೆ ಬೆರಳೊತ್ತಿದರೆ ಗುಳಿ ಬೀಳುತ್ತದೆ. ಹೀಗಾಗಿ ಅಗೆಯುವವರು ಕಬ್ಬಿಣದ ಕರಣೆ ಬಿಟ್ಟು ಮರ, ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿ ಮತ್ತು ಬೆರಳನ್ನೇ ಬಳಸುತ್ತಾರೆ. ಗುಂಡಿಯ ಮೇಲೆ ಅಡ್ಡಹಲಗೆ ಹಾಕಿಕೊಂಡು, ಅದರ ಮೇಲೆ ಬೋರಲು ಮಲಗಿ ಕೆಲಸ ಮಾಡುತ್ತಾರೆ. ಕೆಳಗೆ ಕಾಲಿಟ್ಟರೆ ಕಲ್ಲಿನ ಕೊಡಲಿಯ ಏಟಿನ ಗುರುತುಗಳು ಅಳಿಸಿಹೋಗುತ್ತವೆ. ಜೊತೆಗೆ ಆಗಾಗ ನೀರು ಚಿಮುಕಿಸಬೇಕು. ಒಂದು ಬಿಸಿಲಿನ ಮಧ್ಯಾಹ್ನ ಮರೆತರೆ ಮರ ಸೀಳುಬಿಟ್ಟು, ಕುಗ್ಗಿ, ತಿರುಚಿಕೊಳ್ಳುತ್ತದೆ. ಆಮೇಲೆ ನೆನೆಸಿದರೆ ಮೊದಲಿನಂತಾಗುವುದಿಲ್ಲ.

ಶಾಶ್ವತವಾಗಿ ಉಳಿಸಬೇಕಾದರೆ ಒಳಗಿನ ನೀರಿನ ಜಾಗಕ್ಕೆ ಬೇರೆ ಏನನ್ನಾದರೂ ತುಂಬಬೇಕು. ಸಾಮಾನ್ಯವಾಗಿ ಬಳಸುವುದು ಪಾಲಿಎಥಿಲೀನ್ ಗ್ಲೈಕಾಲ್, ಮುಲಾಮುಗಳಲ್ಲೂ ಇರುವ ಮೇಣದಂಥ ವಸ್ತು. ಮರವನ್ನು ಅದರ ತೆಳು ದ್ರಾವಣದಲ್ಲಿ ಮುಳುಗಿಸಿ, ತಿಂಗಳುಗಟ್ಟಲೆ ಸಾಂದ್ರತೆಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಅವಸರ ಮಾಡಿದರೆ ಒಳಗಿನ ನೀರು ಹೊರಬರುವಷ್ಟು ಬೇಗ ಮೇಣ ಒಳಗೆ ಹೋಗದೆ ಗೂಡುಗಳು ಕುಸಿಯುತ್ತವೆ.

ಎರಡು ಕಿಲೋಮೀಟರನ್ನು ಹೀಗೆ ಮಾಡುವುದು ಆಗದ ಮಾತು. ಅಗೆದ ಭಾಗಗಳಲ್ಲಿ ಒಂದು ತುಂಡು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಉಳಿದಿರುವುದರ ಒಳ್ಳೆಯ ಭಾಗವನ್ನು ಶಾಪ್‌ವಿಕ್ ಹೀತ್ ಎಂಬ ಸಂರಕ್ಷಿತ ಪ್ರದೇಶದಲ್ಲಿ ಅಗೆಯದೆ ನೆಲದಡಿಯೇ ಬಿಟ್ಟಿದ್ದಾರೆ. ಸುತ್ತಲಿನ ಪೀಟ್ ತೆಗೆದು, ಕಾಲುವೆ ತೋಡಿ ನೀರಿಳಿಸಿದ ಕಡೆಯೆಲ್ಲ ನೆಲದ ನೀರಿನ ಮಟ್ಟ ಕುಸಿದಿದೆ. ಮಟ್ಟ ಹಲಗೆಗಿಂತ ಕೆಳಗೆ ಹೋದರೆ ಗಾಳಿ ಒಳಬಂದು ಕೆಲವೇ ವರ್ಷದಲ್ಲಿ ಮರ ಪುಡಿಯಾಗುತ್ತದೆ. ಅದಕ್ಕೇ 1980ರ ದಶಕದಿಂದ ಅಲ್ಲಿ ಸುಮಾರು 500 ಮೀಟರ್ ಉದ್ದಕ್ಕೆ ಪಂಪಿನಿಂದ ನೀರು ಹಾಯಿಸಿ ನೆಲವನ್ನು ನೆನೆಸಿಡುತ್ತಿದ್ದಾರೆ. ಹೋಗುವವರಿಗೆ ಅಲ್ಲಿ ಮೂಲ ಹಲಗೆ ಕಾಣದು, ಅದೇ ಜಾಡಿನಲ್ಲಿ ಹಾಕಿರುವ ಹೊಸ ಹಲಗೆಗಳ ಮೇಲೆ ನಡೆಯಬಹುದು. ಚಳಿಗಾಲದಲ್ಲಿ ಹೋಗುವುದಾದರೆ ಮೊಣಕಾಲುದ್ದದ ರಬ್ಬರ್ ಬೂಟು ಬೇಕೇಬೇಕು.